ಕಾರ್ಡಿನಿಂದ ತೆಗೆದದ್ದು

ಸುಗಟೂರಿನ ನೀರುಗಂಟಿ ಶ್ರೀರಾಮಪ್ಪ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟನೆಂದರೆ ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀ, ಕುತ್ತಿಗೆಯಲ್ಲಿ ಕ್ಯಾಮೆರಾ. ಮೊದಲ ವರ್ಷ ಊರು ನಕ್ಕಿತು. ನಲ್ಲಿಯಲ್ಲಿ ನೀರು ಬರುವುದು ಐದು ನಿಮಿಷ ತಡವಾದರೆ ಸಾಕು, "ಎಲ್ಲೋ ಗುಬ್ಬಿ ಫೋಟೋ ತೆಗೀತಾ ನಿಂತಿರ್ತಾನೆ ಬಿಡು" ಎಂದು ಹೆಂಗಸರು ಬಿಂದಿಗೆ ಇಟ್ಟುಕೊಂಡು ಗೊಣಗಿದರು. ಗೊಣಗಿದವರೇ ಆಮೇಲೆ ಮಗುವಿಗೆ ಜಡೆ ಹೆಣೆದು, ಹೊಸ ಹಸುವಿಗೆ ಮೈ ತೊಳೆದು ಅವನೆದುರು ತಂದು ನಿಲ್ಲಿಸಿದರು. ಹೆಂಡತಿ ಶಾಮಲಮ್ಮ ಮಾತ್ರ ಇವತ್ತಿಗೂ ಅದನ್ನು ಹವ್ಯಾಸ ಎನ್ನುವುದಿಲ್ಲ. "ಬೀಡಿ ಬಿಟ್ಟ, ಇದನ್ನ ಹಿಡ್ಕೊಂಡ. ಚಟ ಚಟಾನೇ" ಎನ್ನುತ್ತಾಳೆ. ಆದರೂ ಕ್ಯಾಮೆರಾ ಒರೆಸಲೆಂದು ತನ್ನ ಹಳೇ ರೇಷ್ಮೆ ಸೀರೆಯ ತುಂಡೊಂದನ್ನು ಕತ್ತರಿಸಿ ಕೊಟ್ಟವಳು ಅವಳೇ.

ಕ್ಯಾಮೆರಾ ಕೋಲಾರದ ಸ್ಟುಡಿಯೋ ಮುನಿಶಾಮಿಯದು. ಅವನು ಮದುವೆ ಮನೆಗಳಲ್ಲಿ ಬಳಸಿ ಬಳಸಿ ಗುಂಡಿಗಳ ಮೇಲಿನ ಅಕ್ಷರ ಸವೆದುಹೋದ ಮೇಲೆ ಶ್ರೀರಾಮಪ್ಪನ ಕೈಗೆ ಬಂತು. ಅಕ್ಷರ ಸವೆದದ್ದೇ ಒಳ್ಳೆಯದಾಯಿತು. ಇಂಗ್ಲಿಷ್ ಓದಲು ಬಾರದವನಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವನು ಕ್ಯಾಮೆರಾವನ್ನು ತನ್ನ ಕಸುಬಿನ ದಾರಿಯಲ್ಲೇ ಅರ್ಥ ಮಾಡಿಕೊಂಡ. ಲೆನ್ಸಿನೊಳಗಿನ ತೂತು ಅಂದರೆ ವಾಲ್ವು. ಷಟರ್ ಎಷ್ಟು ಹೊತ್ತು ತೆರೆದಿರುತ್ತದೋ ಅದು ನೀರು ಬಿಡುವ ಹೊತ್ತು. ಐಎಸ್‌ಒ ಅನ್ನುವುದು ಮೋಟರು. ಬೆಳಕು ಸಾಲದಿದ್ದಾಗ ಎತ್ತಿ ಕೊಡುತ್ತದೆ, ಅತಿಯಾಗಿ ಎತ್ತಿದರೆ ಕೆಸರು ಬರುತ್ತದೆ. ಸಂಜೆಗತ್ತಲಲ್ಲಿ ತೆಗೆದ ಫೋಟೋದಲ್ಲಿ ಕಾಳು ಕಾಳಾಗಿ ಕಾಣುವುದನ್ನು ಅವನು ಇಂದಿಗೂ ಕೆಸರು ಎಂದೇ ಕರೆಯುತ್ತಾನೆ. ಒಂದು ಮಾತ್ರ ಮೂರು ತಿಂಗಳು ಅವನ ತಲೆ ತಿಂದಿತು. ವಾಲ್ವನ್ನು ಹೆಚ್ಚು ಸುತ್ತಿದಷ್ಟೂ ನೀರು ಹೆಚ್ಚು, ಇಲ್ಲಿ ನೋಡಿದರೆ ತೂತಿನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಕೊನೆಗೆ ಕ್ಯಾಮೆರಾ ಮಾಡಿದವನು ನೀರು ಬಿಟ್ಟವನಲ್ಲ ಎಂದು ತೀರ್ಮಾನಿಸಿ ಸುಮ್ಮನಾದ.

"ರಾ ಫೈಲಲ್ಲಿ ತೆಗಿ ಶ್ರೀರಾಮಣ್ಣ, ಆಮೇಲೆ ಹೆಂಗೆ ಬೇಕೋ ಹಂಗೆ ತಿದ್ಕೋಬಹುದು" ಎಂದು ಮುನಿಶಾಮಿ ಒಮ್ಮೆ ಹೇಳಿದ್ದ. ತೆಲುಗಿನಲ್ಲಿ ರಾ ಅಂದರೆ ಬಾ. ಶ್ರೀರಾಮಪ್ಪ ಹಾಗೇ ತೆಗೆದುಕೊಂಡು ಬಂದ. ಮನೆಯ ಹಳೇ ಲ್ಯಾಪ್‌ಟಾಪ್ ಆ ಫೈಲನ್ನು ತೆರೆಯಲೇ ಇಲ್ಲ. "ರಾ ರಾ ಅಂತ ಕರೆದರೂ ಬರಲ್ವಲ್ಲೋ ಇದು" ಎಂದು ಬೈದುಕೊಂಡು ಮತ್ತೆ ಸಾದಾ ಫೈಲಿಗೇ ಬಂದುಬಿಟ್ಟ.

ಅವನ ಇನ್ನೊಂದು ಅಭ್ಯಾಸ ರಿಜಿಸ್ಟರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಟ್ಟೆ ಎಂದು ಪಂಚಾಯಿತಿಗೆ ಬರೆದು ಬರೆದು ಕೈ ಪಳಗಿತ್ತು. ಅದೇ ಥರದ ಗೆರೆ ಹಾಕಿದ ಪುಸ್ತಕವೊಂದನ್ನು ಫೋಟೋಗಳಿಗೂ ಇಟ್ಟ. ತೂತು ಎಷ್ಟು, ಹೊತ್ತು ಎಷ್ಟು, ಮೋಟರು ಎಷ್ಟು, ಕೊನೆಯಲ್ಲಿ ಒಂದು ಸಾಲು ಷರಾ. "ಮಿಂಚುಳ್ಳಿ. ಕುತ್ತಿಗೆ ಅಲ್ಲಾಡಿತು." "ಹಿಪ್ಪುನೇರಳೆ ತೋಟ. ಬಿಸಿಲು ಜಾಸ್ತಿ." ಹೀಗೆ ಸಾಲು ಸಾಲು.

ಆ ಪುಸ್ತಕದಲ್ಲಿ ಒಂದು ಷರಾ ಇತ್ತು: "ಕುರುಡುಮಲೆ. ಅಕ್ಕ ನಕ್ಕಳು. ಯಾಕೋ ಗೊತ್ತಿಲ್ಲ."

ಅಕ್ಕ ಎಂದರೆ ಭಾರತಮ್ಮ. ತಾಯಿ ಸತ್ತಾಗ ಶ್ರೀರಾಮಪ್ಪನಿಗೆ ಮೂರು ವರ್ಷ, ಅವಳಿಗೆ ಹದಿನಾಲ್ಕು. ಸೊಂಟದ ಮೇಲೆ ಹೊತ್ತು ಸಾಕಿದಳು. ಮದುವೆಯಾಗಿ ಹೋದವಳು ಗಂಡ ತೀರಿದ ಮೇಲೆ ತಮ್ಮನ ಮನೆಗೇ ಬಂದಳು. ನಗುವ ಹೆಂಗಸಲ್ಲ. ಕನ್ನಡದಲ್ಲಿ ಮಾತಾಡಿ ತೆಲುಗಿನಲ್ಲಿ ಬೈಯುವವಳು. ಹಬ್ಬ ಬಂದರೆ "ಕಾಲಿಗೆ ಬೀಳೋ, ಒಳ್ಳೇದಾಗ್ಲಿ ಅಂತೀನಿ" ಎನ್ನುವಳು. ಇವನು "ಹೋಗಕ್ಕ" ಎಂದು ತಪ್ಪಿಸಿಕೊಳ್ಳುವನು. ಅವಳ ಮೇಲೆ ಗೌರವ ಇರಲಿಲ್ಲವೆಂದಲ್ಲ, ನಾಚಿಕೆ. ಬೆನ್ನ ಮೇಲೆ ಉಪ್ಪುಮೂಟೆ ಹೊತ್ತವಳ ಕಾಲಿಗೆ ಹೇಗೆ ಬೀಳುವುದು? ಆಷಾಢದಲ್ಲಿ ಎರಡು ದಿನ ಜ್ವರ ಬಂದು ಅವಳು ಹೋಗಿಬಿಟ್ಟಳು. ಆ ದಿನ ಎಲ್ಲರಂತೆ ಅವನೂ ಕಾಲು ಮುಟ್ಟಿದ. ಅವಳಿಗೆ ಗೊತ್ತಾಗದೇ ಇದ್ದಾಗ ಮುಟ್ಟಿದೆನಲ್ಲ ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತು.

ಹನ್ನೊಂದನೇ ದಿನಕ್ಕೆ ದಾಯಾದಿಯೊಬ್ಬರು ಅವಳ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಫ್ರೇಮು ಹಾಕಿಸಿ ತಂದರು. ಅದರಲ್ಲಿ ಭಾರತಮ್ಮ ಫೋಟೋ ತೆಗೆದವನ ಜೊತೆ ಜಗಳಕ್ಕೆ ನಿಂತಂತಿದ್ದಳು. ಗೋಡೆ ನೋಡಿದಾಗಲೆಲ್ಲ ಶ್ರೀರಾಮಪ್ಪನಿಗೆ ಕಸಿವಿಸಿ. ಅವಳು ನಕ್ಕ ಫೋಟೋ ಕ್ಯಾಮೆರಾದ ಕಾರ್ಡಿನಲ್ಲಿ ಇತ್ತಲ್ಲ. ಮಗ ಶ್ರೀಧರ್‌ನ ಮದುವೆಯಾಗಿ ವಾರಕ್ಕೆ ಹೊಸ ಸೊಸೆಯನ್ನು ಕುರುಡುಮಲೆ ಗಣಪನಿಗೆ ಕರೆದೊಯ್ದಾಗ ದೇವಸ್ಥಾನದ ಹೊರಗಿನ ಕಲ್ಲುಕಂಬಗಳ ನಡುವೆ ತೆಗೆದದ್ದು. ಅದನ್ನೇ ಹಾಕಿಸಬೇಕು ಎಂದುಕೊಂಡ. ಆದರೆ ಲ್ಯಾಪ್‌ಟಾಪಿನ ಚಾರ್ಜರ್ ಮದುವೆಯ ಹೊತ್ತಿಗೇ ಸುಟ್ಟುಹೋಗಿತ್ತು. ಮದುವೆಯಿಂದ ಈಚೆಗಿನ ಫೋಟೋಗಳೆಲ್ಲ ಕಾರ್ಡಿನಲ್ಲೇ ಉಳಿದಿದ್ದವು.

ಶ್ರಾವಣದಲ್ಲಿ ಶ್ರೀಧರ್ ಚಾರ್ಜರ್ ತಂದ. ಅವನಿಗೆ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟು, ಪುರುಸೊತ್ತಿಲ್ಲ. ಸೊಸೆ ರಂಜಿತ ಮಾಲೂರಿನವಳು, ಬಿ.ಕಾಂ. ಓದಿದವಳು, ಕಂಪ್ಯೂಟರ್ ಬಲ್ಲವಳು. ಮರುದಿನ ಕೀ ಹಿಡಿದು ಹೊರಟ ಶ್ರೀರಾಮಪ್ಪ ಬಾಗಿಲಲ್ಲಿ ನಿಂತು ಕಾರ್ಡನ್ನು ಅವಳ ಕೈಗೆ ಕೊಟ್ಟ.

"ಕಾರ್ಡು ತುಂಬೋಗಿದೆ ಕಣಮ್ಮ. ಇದರಲ್ಲಿರೋದೆಲ್ಲಾ ತೆಗೆದ್ಬಿಡು. ನಾಳೆ ಕೆರೆ ಹತ್ರ ಹೋಗ್ಬೇಕು."

"ಎಲ್ಲಾನಾ ಮಾವ?"

"ಎಲ್ಲಾನೂ. ಒಂದೂ ಬಿಡಬೇಡ."

ನಮ್ಮ ಭಾಷೆಯ ಹಣೆಬರಹ ನೋಡಿ. ಫೋಟೋ ಹೊಡೆಯುವುದೂ ತೆಗೆಯುವುದೇ, ಒಳಗಿನದನ್ನು ಹೊರಗೆ ತರುವುದೂ ತೆಗೆಯುವುದೇ, ಬೇಡವಾದದ್ದನ್ನು ಕಿತ್ತು ಹಾಕುವುದೂ ತೆಗೆಯುವುದೇ. ಶ್ರೀರಾಮಪ್ಪ ಹೇಳಿದ್ದು ಎರಡನೆಯದು. ರಂಜಿತ ಕೇಳಿಸಿಕೊಂಡದ್ದು ಮೂರನೆಯದು. ಮನೆಗೆ ಬಂದು ಮೂರು ತಿಂಗಳಾದ ಹುಡುಗಿ, ಮಾವ ಮೊದಲ ಸಲ ಒಂದು ಕೆಲಸ ಹೇಳಿದ್ದಾರೆ. ಒಂದೊಂದೇ ಅಳಿಸಿದರೆ ಎಲ್ಲಿ ಒಂದು ಉಳಿದುಬಿಡುತ್ತದೋ ಎಂದು ಇಡೀ ಕಾರ್ಡನ್ನೇ ಫಾರ್ಮ್ಯಾಟ್ ಮಾಡಿ, ಒರೆಸಿ, ಕ್ಯಾಮೆರಾದೊಳಗೆ ಹಾಕಿಟ್ಟಳು.

ಮರುದಿನ ಶ್ರೀರಾಮಪ್ಪ ಕೆರೆ ಏರಿಯ ಮೇಲೆ ಕ್ಯಾಮೆರಾ ತೆರೆದು ನೋಡಿದರೆ ಕಾರ್ಡು ಪೂರ್ತಿ ಖಾಲಿ. ಎಂಥ ಚುರುಕು ಹುಡುಗಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ. ನೀರಿನಲ್ಲಿ ಬಣ್ಣದ ಕೊಕ್ಕರೆಗಳ ಹಿಂಡೇ ಇಳಿದಿತ್ತು. ಖುಷಿಯಲ್ಲಿ ನೂರಾ ನಲವತ್ತು ಫೋಟೋ ತೆಗೆದ. ಮನೆಗೆ ಬಂದು ಕೈಕಾಲು ತೊಳೆದು ಲ್ಯಾಪ್‌ಟಾಪಿನ ಮುಂದೆ ಕೂತ.

"ಎಲ್ಲಿ ಹಾಕಿದ್ದೀಯಮ್ಮ?"

"ಏನನ್ನ ಮಾವ?"

"ತೆಗೆದ್ಯಲ್ಲ, ಅವನ್ನ."

"ತೆಗೆದೆನಲ್ಲ ಮಾವ," ಎಂದಳು ರಂಜಿತ. ಹೇಳುತ್ತ ಹೇಳುತ್ತಲೇ ಅವಳ ಮುಖ ಬಿಳಿಚಿಕೊಂಡಿತು.

ಶ್ರೀರಾಮಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಓವರ್‌ಹೆಡ್ ಟ್ಯಾಂಕಿನ ಕೆಳಗೆ ಸಂಜೆಯವರೆಗೂ ಕೂತ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ತಾನು ಆಡಿದ ಮಾತನ್ನೇ ಮತ್ತೆ ಮತ್ತೆ ಆಡಿ ನೋಡಿದ. ಎಷ್ಟು ಸಲ ಆಡಿದರೂ ಅದು ಎರಡೂ ಥರ ಕೇಳಿಸುತ್ತಿತ್ತು. ಇತ್ತ ಮನೆಯಲ್ಲಿ ರಂಜಿತ ಊಟ ಮಾಡಲಿಲ್ಲ. "ಅವಳ ಹೊಟ್ಟೆಗಿಂತ ನಿನ್ನ ಫೋಟೋ ಹೆಚ್ಚಾ?" ಎಂದು ಶಾಮಲಮ್ಮ ಅವನು ಬಂದೊಡನೆ ಕೇಳಿದಳು. ಹೆಚ್ಚಲ್ಲ, ಆದರೆ ಹೋಗಿದ್ದು ಬರೀ ಫೋಟೋ ಅಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಮುನಿಶಾಮಿಗೆ ಫೋನು ಮಾಡಿದವಳು ರಂಜಿತಳೇ. ಬೆಳಿಗ್ಗೆ ಬಂದು, ನೆಲ ನೋಡಿಕೊಂಡು ಹೇಳಿದಳು: "ಮಾವ, ಆ ಕಾರ್ಡಲ್ಲಿ ಇನ್ನೊಂದೂ ಫೋಟೋ ತೆಗೀಬೇಡಿ ಅಂದ್ರು. ತಗೊಂಡು ಬನ್ನಿ, ವಾಪಸ್ ಬಂದ್ರೂ ಬರಬಹುದಂತೆ."

ಇಬ್ಬರೂ ಕೋಲಾರದ ಬಸ್ಸು ಹತ್ತಿದರು. ರಂಜಿತ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದಳು.

ಮುನಿಶಾಮಿ ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿ ವಿವರಿಸಿದ. "ಫಾರ್ಮ್ಯಾಟ್ ಮಾಡಿದ್ರೆ ಫೋಟೋ ಹೋಗಲ್ಲ ಶ್ರೀರಾಮಣ್ಣ. ಪಟ್ಟಿ ಹೋಗುತ್ತೆ ಅಷ್ಟೇ."

"ರಿಜಿಸ್ಟರಲ್ಲಿ ಹೆಸರು ಹೊಡೆದ್ಹಾಕಿದಂಗೆ. ಮನೆ ನಲ್ಲಿ ಹಂಗೇ ಇರುತ್ತೆ," ಎಂದ ಶ್ರೀರಾಮಪ್ಪ.

"ಅದೇ. ಆದರೆ ಆ ಜಾಗದ ಮೇಲೆ ಹೊಸದು ಬಂದು ಕೂತ್ರೆ ಹಳೇದು ಹೋಯ್ತು. ಆಮೇಲೆ ಏನಾದ್ರೂ ತೆಗೆದ್ರಾ?"

ರಂಜಿತ ತಲೆ ಎತ್ತಿ ಮಾವನನ್ನೇ ನೋಡಿದಳು.

"ತೆಗೆದೆ. ನೂರಾ ನಲವತ್ತು. ಕೊಕ್ಕರೆ," ಎಂದ. ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದ: "ನೀನು ಅಳಿಸಿದ್ದು ಪಟ್ಟಿ ಕಣಮ್ಮ. ಫೋಟೋ ಅಳಿಸಿದ್ದು ನಾನು. ಮಾತು ಸರಿಯಾಗಿ ಆಡದೇ ಇದ್ದಿದ್ದೂ ನಾನೇ."

ರಂಜಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುನಿಶಾಮಿ ಟೀ ತರಿಸಿದ. ಮೂರು ಗಂಟೆ ಹೊತ್ತು ಯಂತ್ರ ಹುಡುಕಿತು. ಎಂಟುನೂರು ಚಿಲ್ಲರೆ ಫೋಟೋಗಳು ಸಿಕ್ಕಿದವು. ಸಿಕ್ಕಿದ್ದೇನೋ ಸರಿ, ಒಂದಕ್ಕೂ ಹೆಸರಿಲ್ಲ, ಹಿಂದುಮುಂದು ಗೊತ್ತಿಲ್ಲ, ಎಷ್ಟೋ ಫೋಟೋಗಳು ಅರ್ಧಂಬರ್ಧ. "ಕೆಲವು ಫೋಟೋ ಕಾರ್ಡಲ್ಲಿ ಎರಡು ಕಡೆ ಹಂಚಿ ಕೂತಿರುತ್ತೆ. ಒಂದು ಕಡೇದು ಸಿಕ್ಕಿದೆ, ಇನ್ನೊಂದರ ಮೇಲೆ ನಿಮ್ಮ ಕೊಕ್ಕರೆ ಬಂದು ಕೂತಿದೆ" ಎಂದ ಮುನಿಶಾಮಿ.

ಭಾನುವಾರ ಮಧ್ಯಾಹ್ನ ಮಾವ ಸೊಸೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಫೈಲಿಗೆ ಹೆಸರು ಇಲ್ಲದಿದ್ದರೂ ಅದರ ಹೊಟ್ಟೆಯಲ್ಲಿ ತೂತು, ಹೊತ್ತು, ಮೋಟರಿನ ಅಂಕಿಗಳು ಉಳಿದಿರುತ್ತವೆ ಎಂದು ಕಂಡುಹಿಡಿದವಳು ರಂಜಿತ. ಅವಳು ಅಂಕಿ ಓದುವಳು, ಅವನು ರಿಜಿಸ್ಟರಿನಲ್ಲಿ ಬೆರಳಾಡಿಸಿ ಷರಾ ಓದುವನು, ಅವಳು ಅದನ್ನೇ ಫೈಲಿಗೆ ಹೆಸರಾಗಿ ಬರೆಯುವಳು. ಶ್ರೀನಿವಾಸಪುರದ ಮಾವಿನ ಮಂಡಿ ಬಂತು. ಯಾರದೋ ಹಸು ಬಂತು. ಶಾಮಲಮ್ಮ ಒಗ್ಗರಣೆ ಹಾಕುತ್ತ ಸೌಟು ತೋರಿಸಿ ಗದರುತ್ತಿದ್ದದ್ದು ಬಂತು. ಅದನ್ನು ಕಂಡು ಇಬ್ಬರೂ ನಕ್ಕರು. ಮೂರು ದಿನದ ಮೇಲೆ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು.

"ಐದು ಪಾಯಿಂಟ್ ಆರು. ಇನ್ನೂರೈವತ್ತು. ನಾನೂರು," ಎಂದಳು ರಂಜಿತ.

ಶ್ರೀರಾಮಪ್ಪನ ಬೆರಳು ನಿಂತಿತು. ಓದಲಿಲ್ಲ. "ತೆರಿಯಮ್ಮ" ಎಂದ.

ಕಲ್ಲುಕಂಬ, ಅದಕ್ಕೆ ಒರಗಿದ ಭಾರತಮ್ಮನ ಮುಖ. ಕಣ್ಣು ಮುಚ್ಚಿಹೋಗಿತ್ತು, ಬಾಯಿ ಪೂರ್ತಿ ತೆರೆದಿತ್ತು, ಉಳಿದಿದ್ದ ಎರಡು ಹಲ್ಲೂ ಕಾಣುತ್ತಿದ್ದವು. ಕುತ್ತಿಗೆಯವರೆಗೆ ಫೋಟೋ ಇತ್ತು. ಅದರ ಕೆಳಗೆ ಬರೀ ಬೂದು ಬಣ್ಣ. ರಂಜಿತ ರಿಜಿಸ್ಟರಿನ ಕಡೆ ಬಾಗಿ ಷರಾ ಓದಿಕೊಂಡಳು.

"ಯಾಕೆ ನಕ್ರು ಅಂತ ನಂಗೊತ್ತು ಮಾವ."

ಅವನು ತಿರುಗಿ ನೋಡಿದ.

"ಇದರ ಕೆಳಗೆ, ಈ ಬೂದು ಇದೆಯಲ್ಲ, ಅಲ್ಲಿ ನಾನು ಮೆಟ್ಟಿಲ ಮೇಲೆ ದೊಡ್ಡತ್ತೆ ಕಾಲ ಹತ್ರ ಕೂತಿದ್ದೆ. ಕಂಬ ಪೂರ್ತಿ ಬರಬೇಕು ಅಂತ ನೀವು ದೂರದಲ್ಲಿ ಕಲ್ಲಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಿದ್ರಿ. ಜನ ನಿಮ್ಮನ್ನ ದಾಟ್ಕೊಂಡು ಹೋಗ್ತಿದ್ರು. ನಾನು ಸುಮ್ನೆ ತಮಾಷೆಗೆ ಕೇಳ್ದೆ, ‘ದೊಡ್ಡತ್ತೆ, ಮಾವ ಯಾರಿಗೆ ಅಡ್ಡಬಿದ್ದಿದಾರೆ, ಗಣಪನಿಗಾ?’ ಅಂತ."

"ಅದಕ್ಕೇನಂದ್ಲು?"

"‘ನಾಕೇ’ ಅಂದ್ರು. ನನಗೇ ಅಂತ. ‘ಐವತ್ತು ವರ್ಷದಿಂದ ಬೀಳೋ ಬೀಳೋ ಅಂತಿದ್ದೆ, ಇವತ್ತು ಬಿದ್ದ ನೋಡು’ ಅಂದು ನಕ್ರು. ಆಮೇಲೆ ನಿಮಗೆ ಕಾಣದ ಹಂಗೆ ಹಿಂಗೆ ಕೈ ಎತ್ತಿದ್ರು ಮಾವ, ಒಳ್ಳೇದಾಗ್ಲಿ ಅಂತ."

ರಂಜಿತ ಅಂಗೈ ಎತ್ತಿ ತೋರಿಸಿದಳು. ಶ್ರೀರಾಮಪ್ಪ ಆ ಕೈಯನ್ನು ನೋಡಿದ, ಪರದೆಯ ಮೇಲಿನ ಬೂದು ಬಣ್ಣವನ್ನು ನೋಡಿದ. ಕಣ್ಣು ತುಂಬಿತು. ಸೊಸೆಯ ಮುಂದೆ ಅಳಲು ಅವನು ನಾಚಲಿಲ್ಲ.

ಹೊಸ ಫ್ರೇಮು ಬಂದಾಗ ಶಾಮಲಮ್ಮ ಹಾರವನ್ನು ತುಸು ಮೇಲಕ್ಕೆ ಕಟ್ಟಿದಳು. ಬೂದು ಬಣ್ಣವೆಲ್ಲ ಸೇವಂತಿಗೆಯ ಹಿಂದೆ ಹೋಯಿತು, ನಗುವ ಮುಖವೊಂದೇ ಉಳಿಯಿತು. ಕೀ ಹಿಡಿದು ಹೊರಡುವ ಮುನ್ನ ಶ್ರೀರಾಮಪ್ಪ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾನೆ. ರಿಜಿಸ್ಟರಿನಲ್ಲಿ "ಯಾಕೋ ಗೊತ್ತಿಲ್ಲ" ಎಂಬುದರ ಮೇಲೆ ಗೆರೆ ಎಳೆದಿದ್ದಾನೆ. ಪಕ್ಕದಲ್ಲಿ ರಂಜಿತಳ ದುಂಡನೆಯ ಅಕ್ಷರದಲ್ಲಿ ಹೊಸ ಷರಾ ಇದೆ: "ತಮ್ಮ ಕಾಲಿಗೆ ಬಿದ್ದ, ಅದಕ್ಕೆ."