ಬೀಗಿತ್ತಿಯಿಲ್ಲದೆ ಬೀಗರ ಪದ

ಕೊರೊನಾ ಕಳೆದ ಮರುವರ್ಷ. ಜನಪದ ಹಾಡುಗಳ ಧ್ವನಿ ಸಂಗ್ರಹಾಲಯವೊಂದರಲ್ಲಿ ನಾನು ಹಿರಿಯ ರೆಕಾರ್ಡಿಸ್ಟ್ ಆಗಿದ್ದೆ. ಮದುವೆಯಲ್ಲಿ ಗಂಡು, ಹೆಣ್ಣಿನ ಕಡೆಯವರು ಒಬ್ಬರನ್ನೊಬ್ಬರು ಛೇಡಿಸುತ್ತ, ನಿಂತ ನಿಲುವಿನಲ್ಲೇ ಕಟ್ಟಿ ಹಾಡುವ ಬೀಗರ ಪದಗಳನ್ನು ದಾಖಲಿಸಲು ನಂದಿಯ ನಾರಾಯಣಮ್ಮನವರ ಮನೆಗೆ ಹೋಗಿದ್ದೆ.

ಒಂದು ಪದ ಹಾಡಿ ಅವರು ನಿಲ್ಲಿಸಿಬಿಟ್ಟರು. "ಎದುರುಪದ ಹೇಳೋರೇ ಇಲ್ಲ. ಗೋಡೆ ಜೊತೆ ಜಗಳ ಆಡ್ಲಾ ಸಾರ್?"

ಜೋಡಿ ಹಾಡುಗಾರ್ತಿ ಇದ್ದರು. ಮಗಳ ಅತ್ತೆ, ಅಂಬಾಜಿದುರ್ಗದ ಕೆಳಗಿನ ಹಳ್ಳಿಯ ಅಕ್ಕಯಮ್ಮ. ಆದರೆ ಮದುವೆಯ ದಿನದಿಂದ ಮಾತಿಲ್ಲ. ಬೀಗರ ಪದಕ್ಕೆ ಅವರಲ್ಲೊಂದು ಕಟ್ಟಳೆಯಿದೆ: ಇಲ್ಲದ ಕುಂದನ್ನಷ್ಟೇ ಹಾಡಬೇಕು. ಕಡ್ಡಿಯಂತಿರುವವಳನ್ನು ಡೊಳ್ಳುಹೊಟ್ಟೆಯವಳು ಎನ್ನಬಹುದು. ಇದ್ದ ಕುಂದನ್ನು ಮುಟ್ಟುವಂತಿಲ್ಲ. ನಾರಾಯಣಮ್ಮ ಅಂದು ಬೀಗಿತ್ತಿಯನ್ನು ಕಿವುಡಿ ಎಂದು ಹಾಡಿದ್ದರು. ಆಕೆಯ ಕಿವಿ ನಿಜಕ್ಕೂ ಮಂದವಾಗುತ್ತಿತ್ತು, ಅದನ್ನು ಆಕೆ ಮನೆಯವರಿಗೂ ಹೇಳಿರಲಿಲ್ಲ. ಚಪ್ಪರವೆಲ್ಲ ನಕ್ಕಿತು. ಅಕ್ಕಯಮ್ಮ ಎದ್ದು ಹೋದರು. ಮುಂದೆ ಸೊಸೆಯನ್ನು ಹೆರಿಗೆಗೂ ತವರಿಗೆ ಕಳಿಸಲಿಲ್ಲ. ನಾರಾಯಣಮ್ಮ ಮೊಮ್ಮಗಳನ್ನು ಕಂಡದ್ದು ಫೋನಿನಲ್ಲಷ್ಟೇ.

ನನ್ನದು ರೆಕಾರ್ಡಿಂಗ್ ಕೆಲಸ, ರಾಜಿ ಪಂಚಾಯಿತಿಯಲ್ಲ. ಆದರೂ ಬರಿಗೈಲಿ ವಾಪಸಾಗಲು ಮನಸ್ಸು ಒಪ್ಪಲಿಲ್ಲ. ಅಕ್ಕಯಮ್ಮನಿಗೆ ಫೋನ್ ಮಾಡಿಸಿದೆ. "ಬರ್ಲಿ" ಎಂದಷ್ಟೇ ಉತ್ತರ ಬಂತು. ನಾರಾಯಣಮ್ಮ ಒಂದು ಚೀಲ ದ್ರಾಕ್ಷಿ ತುಂಬಿಕೊಂಡು ಜೀಪು ಹತ್ತಿದರು.

ನಾವು ಅವರ ಮನೆ ತಲುಪಿದಾಗ ಅಕ್ಕಯಮ್ಮನ ಕಿವಿಯಲ್ಲಿ ಹಿಯರಿಂಗ್ ಏಡ್ ಇತ್ತು. ಬೀಗಿತ್ತಿಯತ್ತ ತಿರುಗದೆ ನನಗೆ ಹೇಳಿದರು: "ಅವತ್ತಿನ ಪದಾನೇ ಹೇಳ್ಸಿ ಸಾರ್. ಈಗ ಮಿಷಿನ್ ಹಾಕ್ಕೊಂಡಿದೀನಿ. ನೆಟ್ಟಗೆ ಕೇಳಿಸ್ಕೊಂಡು ಜವಾಬು ಕೊಡ್ತೀನಿ."

ನಾರಾಯಣಮ್ಮ ಆ ಪದ ಬಿಟ್ಟು ಹೊಸದನ್ನೇ ಕಟ್ಟಿದರು:

"ಇರುವೆ ಸಾಲು ನಡೆದ್ರೂ ಕೇಳೋ ಸೂಕ್ಷ್ಮದ ಕಿವಿಯೋಳು,
ಬೆಲ್ಲದ ಡಬ್ಬಿ ತೆಗೆದ್ರೆ ಸಾಕು ಊರಾಚೆಯಿಂದ ಬರೋಳು!"

ಕಟ್ಟಳೆಯಂತೆ ಅಪ್ಪಟ ಸುಳ್ಳು. ಅಕ್ಕಯಮ್ಮ ತಡೆಯಲಾರದೆ ನಕ್ಕರು. ಲೆವೆಲ್ ಮೀಟರ್ ಕೆಂಪಿಗೇರಿತು, ಅಂದರೆ ಧ್ವನಿ ಒಡೆಯುತ್ತಿದೆ ಎಂದರ್ಥ. ನಾನು ನಿಲ್ಲಿಸಲಿಲ್ಲ. ಎದುರುಪದ ಬಂತು:

"ಜಿಪುಣರಲ್ಲಿ ಜಿಪುಣಿ ಇವಳು, ನಂದಿಯಿಂದ ಬಂದೋಳು,
ಮೊಮ್ಮಗಳ ಮೊಗ ನೋಡೋಕೆ ಬರಿಗೈ ಬೀಸ್ಕೊಂಡು ಬಂದೋಳು!"

ದ್ರಾಕ್ಷಿ ಚೀಲ ಎಲ್ಲರ ಕಣ್ಣೆದುರಿಗೇ ಇತ್ತು. ಅಕ್ಕಯಮ್ಮ ಒಳಗೆ ಹೋಗಿ, ಮಗುವನ್ನೆತ್ತಿ ತಂದು ನಾರಾಯಣಮ್ಮನ ಮಡಿಲಿಗೆ ಹಾಕಿದರು. ಇಬ್ಬರೂ ಅತ್ತರು. ಆಮೇಲೆ ಸಂಜೆಯವರೆಗೂ ಒಬ್ಬರ ಮಾನ ಒಬ್ಬರು ಹರಾಜು ಹಾಕಿದರು.

ಬೀಗರ ಪದ ಉಳಿಯಬೇಕಾದರೆ ಮೊದಲು ಬೀಗತನ ಉಳಿಯಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.