ಇಪ್ಪತ್ತನಾಲ್ಕನೆಯ ಸ್ಟೂಲು

ನಮ್ಮ ಕಾಲೇಜಿನ ಅಂಗರಚನೆಯ ಪ್ರಯೋಗಾಲಯದಲ್ಲಿ ಇಪ್ಪತ್ತನಾಲ್ಕು ಸ್ಟೂಲುಗಳಿವೆ. ಇಪ್ಪತ್ತೈದನೆಯದನ್ನು ಹಾಕಲು ಅಗ್ನಿಶಾಮಕದವರ ಅಪ್ಪಣೆಯಿಲ್ಲ. ಸ್ಟೂಲು ಹಾಕುವವಳು ನಾನು, ನೆಲ್ಡಾ. ಪ್ಲಾಸ್ಟಿಕ್ ಎಲುಬುಗಳ ಧೂಳು ಒರೆಸುವುದು, ಕುರಿಯ ಮಿದುಳುಗಳನ್ನು ಡಬ್ಬಿಯಿಂದ ತೆಗೆದಿಡುವುದು, ಎಲ್ಲರೂ ಹೋದ ಮೇಲೆ ಬೆಂಚು ತೊಳೆಯುವುದು, ಇದೇ ನನ್ನ ಬಾಳು. ಕ್ಯಾಲಿಫೋರ್ನಿಯದ ಈ ಕಣಿವೆಯಲ್ಲಿ ನರ್ಸ್ ಆಗುತ್ತೇನೆಂದು ಹೊರಟವರೆಲ್ಲ, ದ್ರಾಕ್ಷಿ ಕೊಯ್ಯುವವರ ಮಕ್ಕಳಿಂದ ಹಿಡಿದು ಪ್ಯಾಕಿಂಗ್ ಶೆಡ್ಡಿನ ಹೆಂಗಸರವರೆಗೆ, ನನ್ನ ಬಾಗಿಲನ್ನೇ ಹಾದುಹೋಗಬೇಕು. ಬಾಗಿಲು ಕಿರಿದು, ಜನ ಬಹಳ.

ಓಫೆಲಿಯಾ ಕರಾಸ್ಕೊ ಅಂಥವರಲ್ಲಿ ಒಬ್ಬಳು. ಕೋಳಿ ಕೂಗುವ ಹೊತ್ತಿಗೆ ವೃದ್ಧಾಶ್ರಮದ ಕೆಲಸಕ್ಕೆ ಹೋಗುತ್ತಿದ್ದಳು. ಮುದುಕರ ಮಗ್ಗುಲು ಬದಲಿಸಿ, ಮೈ ಒರೆಸಿ, ಅವರ ಬೈಗುಳ ತಿಂದು, ಸಂಜೆ ಕಾಲೇಜಿಗೆ ಬರುತ್ತಿದ್ದಳು. ಮನೆಯಿಂದ ತಂದ ಕಾಳಿನ ಪಲ್ಯ ಸುತ್ತಿದ ಬುರಿಟೊ ರೊಟ್ಟಿ ಬಿಚ್ಚಿ ಅರ್ಧ ನನ್ನ ಕೈಗಿಟ್ಟು, "ಬೆಡ್‌ಪ್ಯಾನ್ ಎತ್ತಿದ್ದು ಸಾಕಾಯ್ತು ಕಣೇ ನೆಲ್ಡಾ. ಸಾಯೋದ್ರೊಳಗೆ ಒಂದ್ಸಲ ಸಿರಿಂಜ್ ಹಿಡೀಬೇಕು," ಎನ್ನುತ್ತಿದ್ದಳು.

ಒಂದು ಸೆಮಿಸ್ಟರಿಗೆ ಒಂದೇ ವಿಷಯ. ಅದಕ್ಕಿಂತ ಹೆಚ್ಚು ಅವಳ ಕೈಲಾಗುತ್ತಿರಲಿಲ್ಲ. ಗಂಡ ರುಬೆನ್ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಕೆಲಕಾಲ ಅದೂ ನಿಂತಿತು. ನಮ್ಮ ಕಾಲೇಜು ಅಗ್ಗ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಫೀಸನ್ನು ಸರ್ಕಾರ ಮನ್ನಾ ಮಾಡುತ್ತದೆ, ಹೌದು. ಪುಸ್ತಕವನ್ನು ಯಾರು ಮನ್ನಾ ಮಾಡುತ್ತಾರೆ? ಬಿಳಿ ಕೋಟು, ಪಾರ್ಕಿಂಗ್ ಪಾಸು, ಪೆಟ್ರೋಲು, ತಪ್ಪಿಸಿಕೊಂಡ ಶಿಫ್ಟಿನ ಕೂಲಿ ಇವನ್ನೆಲ್ಲ ಯಾರಪ್ಪ ಕೊಡುತ್ತಾನೆ?

ಇನ್ನೊಂದು ನಿಯಮವಿದೆ. ನರ್ಸಿಂಗ್‌ಗೆ ಅರ್ಜಿ ಹಾಕುವವರ ವಿಜ್ಞಾನದ ವಿಷಯಗಳಿಗೆ ಏಳೇ ವರ್ಷ ಆಯಸ್ಸು. ಅದು ಮೀರಿದರೆ ಎಷ್ಟೇ ಚೆನ್ನಾಗಿ ಪಾಸಾಗಿದ್ದರೂ ಹಳಸಿದ ಹಾಲು. ಒಂದೊಂದೇ ಮೆಟ್ಟಿಲು ಹತ್ತುವವರಿಗೆ ಇದು ಹೊಳೆಯುವುದೇ ಇಲ್ಲ. ನಿಧಾನವಾದರೂ ಮೇಲಕ್ಕೆ ಹೋಗುತ್ತಿದ್ದೇವೆಂದುಕೊಂಡಿರುತ್ತಾರೆ. ಹಿಂದಿನಿಂದ ಕೆಳಗಿನ ಮೆಟ್ಟಿಲು ಕುಸಿಯುತ್ತಿರುತ್ತದೆ. ನಾನು ಹೇಳುತ್ತಿರುವ ವರ್ಷ ಓಫೆಲಿಯಾಳ ಜೀವಶಾಸ್ತ್ರ ಚಳಿಗಾಲಕ್ಕೆ ಹಳಸುವುದಿತ್ತು. ಉಳಿದದ್ದು ಅಂಗರಚನೆ ಒಂದೇ. ಆ ಸೆಮಿಸ್ಟರಿನಲ್ಲಿ ಅದು ಸಿಗದಿದ್ದರೆ ಮತ್ತೆ ಮೊದಲಿನಿಂದ, ಗಾಣದೆತ್ತಿನ ಹಾಗೆ.

ಸೀಟು ಸಿಗಲಿಲ್ಲ. ಅವಳ ನೋಂದಣಿಯ ದಿನ ಬರುವಷ್ಟರಲ್ಲಿ ಎಲ್ಲ ಭರ್ತಿ. ಕಾಯುವವರ ಪಟ್ಟಿಯಲ್ಲಿ ಅವಳೇ ಮೊದಲಿಗಳು. ತಮಾಷೆಯೆಂದರೆ, ಆ ಭರ್ತಿಯಾದ ಸೀಟುಗಳಲ್ಲಿ ಒಂದು ಅವಳ ಮಗಳದ್ದೇ. ಇತ್ಸೆಲ್‌ಗೆ ಆಗ ಹತ್ತೊಂಬತ್ತು. ಪೂರ್ಣಾವಧಿ ವಿದ್ಯಾರ್ಥಿನಿಯಾದ್ದರಿಂದ ಅವಳ ಸರದಿ ಮೊದಲು ಬಂದಿತ್ತು.

"ಅಮ್ಮನ ತುತ್ತು ಕಿತ್ಕೊಂಡ್ಯಲ್ಲೇ ಕಳ್ಳಿ," ಎಂದು ನಾನು ಕ್ಯಾಂಟೀನಿನಲ್ಲಿ ಕೆಣಕಿದೆ.

ಇತ್ಸೆಲ್ ನಗಲಿಲ್ಲ. ತಾಯಿಯ ಕಡೆ ತಿರುಗಿ, "ಬೇಕಾದ್ರೆ ನಾನು ಬಿಡ್ತೀನಮ್ಮ. ನಾನು ಮುಂದಿನ ವರ್ಷ ಮಾಡ್ಕೋತೀನಿ," ಎಂದಳು.

"ಬಾಯ್ಮುಚ್ಚು," ಎಂದಳು ಓಫೆಲಿಯಾ. "ಮಕ್ಕಳ ಬಾಯಿಂದ ಕಿತ್ಕೊಂಡು ತಿನ್ನೋ ಗತಿ ನಂಗಿನ್ನೂ ಬಂದಿಲ್ಲ. ಮೊದಲ್ನೇ ದಿನ ಯಾವನಾದ್ರೂ ಒಬ್ಬ ತಪ್ಪಿಸ್ಕೊಂಡೇ ತಪ್ಪಿಸ್ಕೋತಾನೆ."

ಅದು ನಿಜವೇ. ಮೊದಲ ದಿನ ಹಾಜರಿ ಕರೆದಾಗ ಓಗೊಡದವರ ಸೀಟು ಕಾಯುವವರಿಗೆ ಹೋಗುತ್ತದೆ. ಹೀಗಾಗಿ ಆ ದಿನ ಸ್ಟೂಲಿದ್ದವರು ಸ್ಟೂಲಿನ ಮೇಲೆ, ಇಲ್ಲದವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಯಾರದೋ ಜ್ವರಕ್ಕೋ, ಯಾರದೋ ಕಾರು ಕೆಡುವುದಕ್ಕೋ ಒಳಗೊಳಗೇ ಹರಕೆ ಹೊರುತ್ತಾರೆ. ಪಾಪದ ಜನವೇ, ಆದರೂ ಆ ದಿನ ಅವರ ಕಣ್ಣು ನೋಡಲಾಗುವುದಿಲ್ಲ.

ಮನೆಗೆಲ್ಲ ಒಂದೇ ಕಾರು. ಹಾಜರಿಯ ಹೊತ್ತಿಗೆ ತಡವಾಗದಿರಲೆಂದು ಇತ್ಸೆಲ್ ತಾಯಿಯನ್ನು ಬಾಗಿಲಲ್ಲಿ ಇಳಿಸಿ ಪಾರ್ಕಿಂಗ್ ಹುಡುಕಲು ಹೋಗಿದ್ದಳು. ಮೊದಲ ವಾರದಲ್ಲಿ ನಮ್ಮಲ್ಲಿ ಪಾರ್ಕಿಂಗ್ ಹುಡುಕುವುದೆಂದರೆ ಹದ್ದಿನ ಹಾಗೆ ಸುತ್ತುವುದು. ಈ ಸಂಗತಿ ಗೊತ್ತಿದ್ದವಳು ಆ ಕೋಣೆಯಲ್ಲಿ ಓಫೆಲಿಯಾ ಒಬ್ಬಳೇ.

ಮೇಷ್ಟರು ಟೊರೊಸಿಯನ್ ಗಡಿಯಾರದ ಮುಳ್ಳಿನಂಥ ಮನುಷ್ಯ. ಹಾಜರಿ ಶುರುವಾಯಿತು.

"ಇತ್ಸೆಲ್ ಕರಾಸ್ಕೊ?"

ಯಾರೂ ಉತ್ತರಿಸಲಿಲ್ಲ. ನಾನು ಓಫೆಲಿಯಾಳನ್ನು ನೋಡಿದೆ. ಹುಡುಗಿ ಬೇಕೆಂದೇ ಬಂದಿಲ್ಲ, ತಾಯಿಗೆ ಬಿಟ್ಟುಕೊಟ್ಟಿದ್ದಾಳೆ ಎಂದುಕೊಂಡೆ. ಓಫೆಲಿಯಾ ನೆಲ ನೋಡುತ್ತಿದ್ದಳು. ಟೊರೊಸಿಯನ್ ಮುಂದಿನ ಹೆಸರಿಗೆ ಹೋದರು. ಉಳಿದವರೆಲ್ಲ ಇದ್ದರು. ಕೊನೆಗೆ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಕೇಳಿದರು. "ಇತ್ಸೆಲ್ ಕರಾಸ್ಕೊ? ಇವರ ಬಗ್ಗೆ ಯಾರಿಗಾದ್ರೂ ಗೊತ್ತಾ?"

ಓಫೆಲಿಯಾಳ ಮುಷ್ಟಿಯೊಳಗೆ ಫೋನು ಗುಂಯ್‌ಗುಟ್ಟಿತು. ಅವಳು ಅದನ್ನು ನೋಡಲಿಲ್ಲ.

"ಸರಿ. ಕಾಯುತ್ತಿರೋರಲ್ಲಿ ಮೊದಲಿನವರು ಯಾರು?"

ಓಫೆಲಿಯಾ ಗೋಡೆ ಬಿಟ್ಟು ಬಂದು ಕೂತಳು. ಮೇಷ್ಟರು ಅವಳ ಹೆಸರು ಬರೆದುಕೊಂಡರು. ಗೋಡೆಯ ಬಳಿ ಇದ್ದವರು ಚೀಲಗಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟರು. ಅವರ ನಡುವೆ ನುಸುಳಿಕೊಂಡು ಬೆವರಿಳಿಸುತ್ತ ಒಳಗೆ ಓಡಿಬಂದಳು ಇತ್ಸೆಲ್. ತೋಳಿನ ಮೇಲೆ ಮಡಿಕೆ ಬಿಚ್ಚದ ಹೊಸ ಬಿಳಿ ಕೋಟು.

"ಸರ್, ಪಾರ್ಕಿಂಗ್ ಸಿಗ್ಲಿಲ್ಲ ಸರ್..."

"ಸೀಟು ತುಂಬಿತಮ್ಮ," ಎಂದರು ಟೊರೊಸಿಯನ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಇತ್ಸೆಲ್ ಸ್ಟೂಲಿನ ಮೇಲಿದ್ದ ತಾಯಿಯನ್ನು ನೋಡಿದಳು, ಹೊರಗೆ ಹೋದಳು. ಬಿಡುವಿನ ವೇಳೆಯಲ್ಲಿ ಅವಳು ಓಣಿಯಲ್ಲೇ ನಿಂತಿದ್ದಳು. ನಾನು ಬಕೆಟ್ಟು ಹಿಡಿದು ಅಲ್ಲೇ ಇದ್ದೆ. ಓಫೆಲಿಯಾ ಹೊರಗೆ ಬರುತ್ತಲೇ ಹುಡುಗಿ ಕೇಳಿದಳು.

"ಪಾರ್ಕಿಂಗ್‌ನಲ್ಲಿದ್ದಾಳೆ ಅಂದ್ರೂ ಕೇಳ್ಲಿಲ್ವಾ ಆ ಮುದುಕ?"

"ನಾನು ಹೇಳ್ಲಿಲ್ಲ," ಎಂದಳು ಓಫೆಲಿಯಾ.

"ನನ್ನ ಹೆಸರು ಕರೆದಿದ್ದು ಕೇಳಿಸ್ಲಿಲ್ವಾ?"

"ಎರಡು ಸಲವೂ ಕೇಳಿಸ್ತು."

"ಕೇಳಿದ್ರೆ ಕೊಡ್ತಿದ್ನಲ್ಲಮ್ಮ. ನಾನಾಗೇ ಕೊಡ್ತೀನಿ ಅಂದಿದ್ನಲ್ಲ."

"ನೀನು ಕೊಟ್ರೆ ಬೇಡ ಅಂತಿದ್ದೆ ಮಗಳೇ," ಎಂದಳು ಓಫೆಲಿಯಾ. "ನಂಗೆ ಸಾಕಾಗಿತ್ತು. ಅಷ್ಟೇ. ಬೇರೇನೂ ಇಲ್ಲ."

ತಾಯಿ ಹೀಗೆ ಮಾಡುತ್ತಾಳೆಯೇ ಎಂದು ನನ್ನನ್ನು ಕೇಳಿದವರುಂಟು. ಮಾಡುತ್ತಾಳೆ. ಜನ್ಮವಿಡೀ ಬಿಟ್ಟುಕೊಟ್ಟವಳು ಒಂದು ದಿನ ಬಾಯಿ ಬಿಡದೆ ನಿಂತರೆ ತೀರ್ಪು ಕೊಡುವುದಕ್ಕೆ ನಾನ್ಯಾರು?

ಇತ್ಸೆಲ್‌ಗೆ ಸರ್ಕಾರ ಕೊಡುವ ಗ್ರ್ಯಾಂಟಿನ ಹಣ ಉಳಿಯಬೇಕಾದರೆ ನಾಲ್ಕನೆಯ ವಿಷಯ ಬೇಕಿತ್ತು. ಆ ಹೊತ್ತಿಗೆ ಸೀಟು ಉಳಿದಿದ್ದದ್ದು ಸಂಗೀತ ರಸಗ್ರಹಣದಲ್ಲಿ ಮಾತ್ರ. ಅದನ್ನೇ ಸೇರಿದಳು, ಅವಳ ನರ್ಸಿಂಗ್ ಒಂದು ವರ್ಷ ಹಿಂದೆ ಬಿತ್ತು. ತಾಯಿಯೊಡನೆ ಮಾತು ಬಿಟ್ಟಳು. ಆದರೂ ವಾರಕ್ಕೆರಡು ಸಂಜೆ ತಾಯಿಯನ್ನು ಬಾಗಿಲಲ್ಲೇ ಇಳಿಸಿ ಪಾರ್ಕಿಂಗ್ ಹುಡುಕಲು ಹೋಗುತ್ತಿದ್ದಳು. ಓಫೆಲಿಯಾ ಸೊರಗಿದಳು. ತನ್ನ ಬುರಿಟೊವನ್ನು ಪೂರ್ತಿ ನನ್ನ ಕೈಗೇ ಇಡತೊಡಗಿದಳು.

ಕಣಿವೆಗೆ ಮಂಜು ಇಳಿಯುವ ಕಾಲ ಬಂತು. ಪರೀಕ್ಷೆ ಹತ್ತಿರವಾಗಿತ್ತು. ಒಂದು ಸಂಜೆ ಪಾಠ ಮುಗಿದು ಎಲ್ಲರೂ ಹೋಗಿದ್ದರು. ಓಫೆಲಿಯಾ ಮಾತ್ರ ಎಲುಬಿನ ರಾಶಿಯ ಮುಂದೆ ಬೆಂಚಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸಾಗದೆ ಸುತ್ತಲೂ ಒರೆಸುತ್ತಿದ್ದೆ. ಸಂಗೀತದ ತರಗತಿ ಮುಗಿಸಿ ಬಂದ ಇತ್ಸೆಲ್ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಸ್ಟೂಲಿನ ಕಾಲಿಗೆ ಬೂಟಿನಿಂದ ಒದ್ದಳು.

"ಏಳಮ್ಮ. ಮಲಗೋಕೆ ಮನೆಯಿದೆ. ಇದು ನನ್ನ ಸ್ಟೂಲು."

ಓಫೆಲಿಯಾ ತಟ್ಟನೆ ಎದ್ದು ಕೂತಳು. ಕೆನ್ನೆಯ ಮೇಲೆ ಬೆಂಚಿನ ಅಂಚಿನ ಗುರುತು ಮೂಡಿತ್ತು. ಇತ್ಸೆಲ್ ರಾಶಿಯಿಂದ ಒಂದು ಎಲುಬನ್ನು ಎತ್ತಿ ಅವಳ ಮೂಗಿನ ಮುಂದೆ ಹಿಡಿದಳು.

"ಇದ್ಯಾವುದು?"

ಓಫೆಲಿಯಾ ಕಣ್ಣುಜ್ಜಿಕೊಂಡು ಹೇಳಿದಳು. ತಪ್ಪು ಹೇಳಿದಳು.

"ಇನ್ನೊಂದ್ಸಲ," ಎಂದಳು ಇತ್ಸೆಲ್, ಬೆಂಚಿನ ಮೇಲೆ ತೆರೆದಿದ್ದ ಪುಸ್ತಕ ನೋಡಿ. ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು.