ತೊಟ್ಟಿಲಲ್ಲಿ ಮಲಗಿದ ಕಲ್ಲು

ಮೊನ್ನೆ ಹಿತ್ತಲ ಬೇಲಿಗೆ ಹಲಗೆ ತರಲು ಹೋಗಿದ್ದೆ. ಟೆಕ್ಸಾಸ್‌ನಲ್ಲಿ ಮನೆ ಕೊಂಡವನಿಗೆ ಬೇಲಿ ಎಂಬುದು ಮುಗಿಯದ ಸಂಸಾರ. ಒಂದು ಗಾಳಿ ಬೀಸಿದರೆ ನಾಲ್ಕು ಹಲಗೆ ಮಲಗುತ್ತವೆ. ಅಂಗಡಿಯ ಮರದ ಸಾಲಿಗೆ ಕಾಲಿಟ್ಟೊಡನೆ ಆಗಷ್ಟೇ ಕೊಯ್ದ ದೇವದಾರಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆ ಏನನ್ನು ನೆನಪಿಸುತ್ತದೋ ತಿಳಿಯದು. ನನಗೆ ಮಾತ್ರ ಒಬ್ಬ ಮಹಾಪುರುಷ ಹುಟ್ಟಿದ ಮನೆ ನೆನಪಾಗುತ್ತದೆ.

ಅವನ ಹೆಸರು ಬೇಡ. ಯಾವುದೋ ಯುದ್ಧದಲ್ಲಿ ಹೆಸರು ಮಾಡಿದವನು ಎಂದರೆ ಸಾಕು. ನನಗೆ ಗೊತ್ತಿರುವುದೂ ಅಷ್ಟೇ. ಕ್ಯಾರಲ್ಟನ್ನಿನ ನಮ್ಮ ಮನೆಯಿಂದ ಉತ್ತರಕ್ಕೆ ಹೊರಟು, ಹಸುಗಳು ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ ಆ ಊರು ಸಿಗುತ್ತದೆ. ಅವನು ಹುಟ್ಟಿದ ಮನೆ ಎಂದೋ ಬಿದ್ದುಹೋಗಿತ್ತು. ಊರಿನವರು ಒಂದು ಹಳೆಯ ಫೋಟೋ ನೋಡಿಕೊಂಡು ಅದೇ ಜಾಗದಲ್ಲಿ ಅಂಥದ್ದೇ ಮನೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಹಾಗಾಗಿ ಹಳೆಯ ಮನೆಯೊಳಗೆ ಹೊಸ ಮರದ ವಾಸನೆ. ಒಲೆ ಬೇರೆ ಊರಿನದು, ಮಂಚ ಹರಾಜಿನದು, ಗೋಡೆಯ ಮೇಲಿನ ಅಜ್ಜಿ ಯಾರ ಅಜ್ಜಿಯೋ. ಹಾಗೆಂದು ನಾವು ನಗುವಂತಿಲ್ಲ. ನಮ್ಮ ದೇವರಮನೆಯೂ ಬಟ್ಟೆಯ ಕ್ಲಾಸೆಟ್ಟಿನಲ್ಲೇ ಇದೆ; ದೇವರು ಇದುವರೆಗೆ ಆಕ್ಷೇಪಿಸಿಲ್ಲ.

ವರ್ಷಗಳ ಹಿಂದೆ ನಮ್ಮನ್ನು ಅಲ್ಲಿಗೆ ಹೊರಡಿಸಿದವರು ವಿಮಲಾ ಆಂಟಿ. ಧಾರವಾಡದವರು, ಹ್ಯೂಸ್ಟನ್ನಿನಲ್ಲಿ ಜೀವಮಾನವಿಡೀ ಹೆರಿಗೆ ಮಾಡಿಸಿ, ನಿವೃತ್ತರಾಗಿ ಅಲ್ಲೇ ಪಕ್ಕದ ಮಿಸೌರಿ ಸಿಟಿ ಎಂಬ ಊರಿನಲ್ಲಿ ನೆಲೆಸಿದ್ದರು. ನನ್ನ ಹೆಂಡತಿ ಸುಮಾಗೆ ದೂರದ ಸಂಬಂಧ. ಎರಡು ಸಲ ಗರ್ಭ ಇಳಿದುಹೋದ ಮೇಲೆ ಸುಮಾ ಆಗ ಮತ್ತೆ ಬಸುರಿಯಾಗಿದ್ದಳು. ಆಂಟಿಗೆ ಬಿಟ್ಟರೆ ಇನ್ನಾರಿಗೂ ಹೇಳಿರಲಿಲ್ಲ. ಗೆಳತಿಯರ ಮನೆಯ ನಾಮಕರಣಗಳಿಗೆ ಹೋಗುವುದನ್ನು ಅವಳು ಎಂದೋ ಬಿಟ್ಟಿದ್ದಳು. ಈಗ ಸೋಫಾ ಬಿಟ್ಟೇಳುವುದಕ್ಕೂ ಹೆದರುತ್ತಿದ್ದಳು. ನಾನು ಮಹಾ ಧೈರ್ಯಸ್ಥನಂತೆ ಪಾತ್ರೆ ತೊಳೆಯುತ್ತಿದ್ದೆ. ನೋಡಲು ಬಂದ ಆಂಟಿ, ಹೀಗೆ ಕೂತರೆ ಮನೆಯಲ್ಲಿ ಭಯವೊಂದೇ ಬೆಳೆಯುತ್ತದೆ ಎಂದು ಇಬ್ಬರನ್ನೂ ಕಾರು ಹತ್ತಿಸಿದರು.

ಮ್ಯೂಸಿಯಂ ತೋರಿಸಿದವರು ಬಿಳಿಗೂದಲಿನ ಒಬ್ಬ ಹೆಂಗಸು, ಆ ಊರಿನ ನಿವೃತ್ತ ಟೀಚರ್. ಹಿಂದಿನ ಕೋಣೆಗೆ ಬಂದಾಗ ದನಿ ತಗ್ಗಿಸಿ, ಮಗು ಹುಟ್ಟಿದ್ದು ಇಲ್ಲೇ ಎಂದರು. ಮೂಲೆಯಲ್ಲೊಂದು ಮರದ ತೊಟ್ಟಿಲು. ಯಾರೂ ಮುಟ್ಟದಂತೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಬಂದವರಿಗೆಲ್ಲ ತೋರಿಸುವ ವಾಡಿಕೆಯಿರಬೇಕು, ಅವರು ಹಗ್ಗದಾಚೆ ಬಾಗಿ ಅದನ್ನು ಮೆಲ್ಲಗೆ ತೂಗಿದರು.

ಖಾಲಿ ತೊಟ್ಟಿಲು ತೂಗಬಾರದು. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಚಿಕ್ಕಂದಿನಲ್ಲಿ ಕೈಮೇಲೊಂದು ಏಟು ಬಿದ್ದು ತಾನಾಗಿ ಬಂದ ವಿದ್ಯೆ. ನಾಮಕರಣದ ದಿನವೂ ಮಗುವಿಗಿಂತ ಮೊದಲು ಅರಿಶಿನ ಹಚ್ಚಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರಲ್ಲ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಸುಮಾಳ ಕಡೆ ನೋಡಿದೆ. ಮುಖ ಬಿಳಿಚಿಕೊಂಡಿತ್ತು, ಕೈ ಹೊಟ್ಟೆಯ ಮೇಲಿತ್ತು.

ಸಮಾಧಾನ ಹೇಳುವುದರಲ್ಲೂ ನಾನು ಎಂಜಿನಿಯರೇ. ಆ ತೊಟ್ಟಿಲೂ ನಕಲಿ, ಯಾವ ಮಗುವೂ ಅದರಲ್ಲಿ ಮಲಗಿಲ್ಲ ಎಂದೆ.

“ತೊಟ್ಲಾ ನಕಲಿ ಇರಬಹುದು ತಮ್ಮಾ,” ಅಂದರು ಆಂಟಿ. “ಖಾಲಿ ಇರೂದಂತೂ ಅಸಲೀನ ಅದ.”

ಹಾಗೆಂದವರೇ ಕೈಚಾಚಿ ತೊಟ್ಟಿಲನ್ನು ನಿಲ್ಲಿಸಿದರು. ಹೊರಗೆ ಹೋಗಿ ಹೂವಿನ ಪಾತಿಯ ಅಂಚಿನಿಂದ ಒಂದು ದುಂಡನೆಯ ಕಲ್ಲು ತಂದರು, ಶಾಲಿನ ತುದಿಯಿಂದ ಒರೆಸಿ ಹಾಸಿಗೆಯ ಮೇಲೆ ಮಲಗಿಸಿದರು. ಟೀಚರಮ್ಮ ನಿಯಮ ಹೇಳಲು ಬಾಯಿ ತೆರೆದರು. ತಾನು ಹೆರಿಗೆ ಡಾಕ್ಟರು, ತೊಟ್ಟಿಲು ತೂಗುವುದು ಹೀಗೇ ಎಂದು ಆಂಟಿ ತಿಳಿಸಿದರು. ಎಷ್ಟೋ ಗಂಡಂದಿರನ್ನು ಹೆರಿಗೆ ಕೋಣೆಯಿಂದ ಹೊರಗಟ್ಟಿದ ದನಿ ಅದು. ಆಕೆ ಯೆಸ್ ಮ್ಯಾಮ್ ಎಂದು ಪಕ್ಕಕ್ಕೆ ಸರಿದರು. ಆಂಟಿ ಸುಮಾಳನ್ನು ಕರೆದು ತೂಗಿಸಿದರು. ತೂಗುತ್ತಾ ತೂಗುತ್ತಾ ಅವಳ ಮುಖಕ್ಕೆ ಬಣ್ಣ ಮರಳಿತು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಹಿತ. ಆದರೆ ಆ ಮಗುವೂ ಉಳಿಯಲಿಲ್ಲ.

ಸುದ್ದಿ ತಿಳಿದು ಆಂಟಿ ಮಿಸೌರಿ ಸಿಟಿಯಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ಅಡುಗೆಮನೆಯಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. ಇಷ್ಟು ಓದಿದವರು, ಕಲ್ಲಿಟ್ಟು ಅವಳಿಗೆ ಆಸೆ ಹುಟ್ಟಿಸಿಬಿಟ್ಟಿರಲ್ಲ ಎಂದೆ. ನನಗೆ ತಡೆಯಲಾರದಷ್ಟು ದುಃಖವಾಗಿತ್ತು, ಎದುರಿಗೆ ಸಿಕ್ಕವರು ಅವರು. ಅವರು ಹಾಲು ಕಾಯಿಸುತ್ತಿದ್ದರು. ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದರು.

“ಕಲ್ಲು ಕೂಸಿನ ಸಲುವಾಗಿ ಇಟ್ಟಿದ್ದಲ್ಲೋ ತಮ್ಮಾ. ಕೂಸು ಉಳಿಯೂದು ಕಲ್ಲಿನ ಕೈಯಾಗಿಲ್ಲ, ನನ್ನ ಕೈಯಾಗೂ ಇಲ್ಲ. ಸುಮಾ ಆ ಖಾಲಿ ತೊಟ್ಲಾ ನೋಡ್ಕೋತ ನಿಂತಿದ್ಳು. ಅದಕ್ಕ ಇಟ್ಟೆ.”

ಕೆಲವು ತಿಂಗಳ ಮೇಲೆ ಸುಮಾ ತಾನಾಗಿ ಆ ಮನೆಗೆ ಹೋಗೋಣ ಎಂದಳು. ಹೋದೆವು. ಕಲ್ಲು ಅಲ್ಲೇ ಮಲಗಿತ್ತು. ಅದೇ ಟೀಚರಮ್ಮ, ನಮ್ಮ ಗುರುತು ಹತ್ತದೆ, ಆಸ್ಟಿನ್ನಿನಿಂದ ಬಂದಿದ್ದ ಒಂದು ಕುಟುಂಬಕ್ಕೆ ವಿವರಿಸುತ್ತಿದ್ದರು: ಈ ಬಯಲಿಗೆ ಮೊದಲು ಬಂದು ನೆಲೆಸಿದವರು ಮಕ್ಕಳು ಗಟ್ಟಿಮುಟ್ಟಾಗಲೆಂದು ತೊಟ್ಟಿಲಲ್ಲಿ ಕಲ್ಲಿಡುತ್ತಿದ್ದರಂತೆ. ತಿದ್ದಲು ಹೊರಟ ನನ್ನ ತೋಳನ್ನು ಸುಮಾ ಚಿವುಟಿದಳು. ಕಾರಿನಲ್ಲಿ ಕೂತು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುತ್ತಲೇ ಅವಳು ಅಳತೊಡಗಿದಳು, ನಾನೂ ಅತ್ತೆ.

ಆಮೇಲೂ ನಮಗೆ ಮಕ್ಕಳಾಗಲಿಲ್ಲ.

ಮೊನ್ನೆ ಹಲಗೆ ತಂದ ಮರುದಿನ ಟೇಲರ್ ಎಂಬ ಊರಿನಲ್ಲಿ ನನ್ನ ಸಹೋದ್ಯೋಗಿಯ ಮಗುವಿನ ನಾಮಕರಣ. ಒಬ್ಬನೇ ಹೊರಟಿದ್ದೆ. ಸುಮಾ ರೇಷ್ಮೆ ಸೀರೆಯುಟ್ಟು ಬಂದು ಕಾರಿನಲ್ಲಿ ಕೂತಳು. ನಾನು ಕಾರು ಹೊರಡಿಸಿದೆ.

ಮಗುವಿನ ಅಜ್ಜಿ ಮೈಸೂರಿನಿಂದ ಬಂದವರು. ಮನೆಯಲ್ಲಿ ಗುಂಡುಕಲ್ಲು ಇಲ್ಲದೆ ವೆಟ್ ಗ್ರೈಂಡರಿನ ಕಲ್ಲನ್ನೇ ಕಳಚಿ ಅರಿಶಿನ ಹಚ್ಚಿದ್ದರು. ಅದನ್ನು ಹಿಡಿದುಕೊಂಡು, ಮಕ್ಕಳಿರುವ ಮುತ್ತೈದೆಗಾಗಿ ಸುತ್ತ ಕಣ್ಣಾಡಿಸಿದರು. ನಾಮಕರಣಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಸುಮಾ ಇಂಥ ಹೊತ್ತಿಗೆ ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದಳು. ಈಗ ಅವಳು ಎರಡೂ ಕೈ ಚಾಚಿದಳು.

“ಕಲ್ಲು ನಂಗೆ ಕೊಡಿ ಅಮ್ಮ, ನಾನು ಮಲಗಿಸ್ತೀನಿ.”

ಅಜ್ಜಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ಕಲ್ಲು ಕೊಟ್ಟರು. ಸುಮಾ ಅದನ್ನು ಮಲಗಿಸಿ ತೂಗಿದಳು, ಯಾವ ಅವಸರವೂ ಇಲ್ಲದೆ. ಆಮೇಲೆ ಕಲ್ಲನ್ನೆತ್ತಿ ಎದೆಗಾನಿಸಿಕೊಂಡು, ಮಗುವಿಗೆ ಜಾಗ ಬಿಟ್ಟಳು.